ಎಂಜಿನ್ ದೊಡ್ಡದಾಯ್ತು, ಗಾಳಿ ಎಲ್ಲಿಂದ ಬರಬೇಕು?

ಕೊಪ್ಪ, ಶೃಂಗೇರಿ, ಎನ್.ಆರ್. ಪುರ. ಈ ಮೂರು ಊರಿನ ಯಾವ ಗ್ಯಾರೇಜಿನ ಮುಂದೆ ನಿಂತರೂ ಒಂದಲ್ಲ ಒಂದು ಹಳೇ ಜೀಪು ಬಾನೆಟ್ ಎತ್ತಿಕೊಂಡು ನಿಂತಿರುತ್ತದೆ. ಮೈ ಮಹೀಂದ್ರ ಮೇಜರ್‌ನದ್ದು, ಒಳಗೆ ಬೊಲೆರೊ ಎಂಜಿನ್. ಇಲ್ಲವೇ ಮೈ ಎಂಎಂ 540, ಒಳಗೆ ಸ್ಕಾರ್ಪಿಯೋ. ಮಾಲೀಕರ ದೂರು ಒಂದೇ: "ಏರಲ್ಲಿ ಹೀಟ್ ಆಗ್ತದೆ ಮಾರಾಯ್ರೆ." ಸಿಗುವ ಮದ್ದೂ ಹೆಚ್ಚುಕಡಿಮೆ ಒಂದೇ. ಗುಜರಿಯಿಂದ ಒಂದು ಎಲೆಕ್ಟ್ರಿಕ್ ಫ್ಯಾನ್ ತಂದು ರೇಡಿಯೇಟರ್‌ಗೆ ಕಟ್ಟುವುದು, ಡ್ಯಾಶ್‌ಬೋರ್ಡಿನಲ್ಲಿ ಒಂದು ಸ್ವಿಚ್ ಇಡುವುದು, ಹೀಟಾದಾಗ ಒತ್ತುವುದು.

ಈ ಮದ್ದಿನಲ್ಲಿ ಅರ್ಧ ಸರಿ ಇದೆ, ಅರ್ಧ ಅಪಾಯ ಇದೆ. ಎಲೆಕ್ಟ್ರಿಕ್ ಫ್ಯಾನ್ ನಮ್ಮ ಕಡೆಯ ರಸ್ತೆಗೆ ಒಗ್ಗುವ ವಸ್ತು ಎಂಬುದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಅದನ್ನು ಕೂರಿಸುವ ಕೆಲಸದಲ್ಲಿ ದುಡ್ಡು ಉಳಿಸಲು ಹೋಗುತ್ತಿದ್ದೇವೆ, ಹಾಗೆ ಉಳಿಸುತ್ತಿರುವವರು ಗ್ಯಾರೇಜಿನವರಲ್ಲ, ಮಾಲೀಕರು. ಟೈರಿಗೆ, ಅಲಾಯ್ ವೀಲಿಗೆ, ಎಲ್‌ಇಡಿ ಲೈಟಿಗೆ ಕೇಳಿದಷ್ಟು ಕೊಡುತ್ತೇವೆ. ಕಣ್ಣಿಗೆ ಕಾಣದ ವೈರು, ರಿಲೇ, ಸೆನ್ಸರ್ ಎಂದ ಕೂಡಲೇ ಚೌಕಾಸಿ ಶುರುವಾಗುತ್ತದೆ.

ಜೀಪಿನ ವಿಷಯವನ್ನು ಇಷ್ಟು ದೊಡ್ಡದು ಮಾಡುವುದು ಯಾಕೆ ಎಂದು ಕೇಳುವವರಿದ್ದಾರೆ. ಟಾರು ರಸ್ತೆಯ ಬದಿಯಲ್ಲಿ ಮನೆ ಇರುವವರಿಗೆ ಜೀಪು ಶೋಕಿ ಇರಬಹುದು. ಟಾರು ಬಿಟ್ಟು ಎರಡು ಮೂರು ಕಿಲೋಮೀಟರ್ ಕೆಮ್ಮಣ್ಣಿನ ಏರು ಹತ್ತಿ ಮನೆ ಸೇರುವವರಿಗೆ ಹಾಗಲ್ಲ. ಗೊಬ್ಬರದ ಚೀಲ, ಹಸಿ ಅಡಿಕೆ, ಕಾಫಿ ಮೂಟೆ, ಗ್ಯಾಸ್ ಸಿಲಿಂಡರ್, ಕೆಲಸದವರು, ಶಾಲೆ ಮಕ್ಕಳು ಎಲ್ಲ ಅದರಲ್ಲೇ. ರಾತ್ರಿ ಎದೆನೋವೋ ಹೆರಿಗೆ ನೋವೋ ಬಂದರೆ 108 ಗಾಡಿ ಬಂದು ನಿಲ್ಲುವ ಜಾಗದ ತನಕ ಆ ಜೀಪೇ ಆಂಬುಲೆನ್ಸ್. ಅಂಥ ಹೊತ್ತಿನಲ್ಲಿ ಅರ್ಧ ಏರಿನಲ್ಲಿ ಬಾನೆಟ್ ಸಂದಿಯಿಂದ ಹಬೆ ಎದ್ದರೆ ಏನಾಗುತ್ತದೆ ಎಂದು ವಿವರಿಸಬೇಕಾಗಿಲ್ಲ. ಮೊಬೈಲ್ ಸಿಗ್ನಲ್ ಇಲ್ಲದ ತಿರುವುಗಳು ಈ ಮೂರೂ ತಾಲ್ಲೂಕಿನಲ್ಲಿ ಎಷ್ಟಿವೆ ಎಂಬುದು ಓದುಗರಿಗೇ ಗೊತ್ತು.

ಹಾಗಾದರೆ ಹೊಸ ಗಾಡಿ ತಗೊಳ್ಳಲಿ ಎನ್ನುವುದು ಸುಲಭ. ಹೊಸ ಫೋರ್‌ವೀಲ್ ಗಾಡಿಯ ಬೆಲೆ ಹತ್ತು ಲಕ್ಷ ದಾಟಿದೆ. ಇತ್ತ ಈ ಮೂರು ತಾಲ್ಲೂಕಿನ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ. ಅದು ಸಾಲದು ಎಂದು ಈಗ ಎಲೆಚುಕ್ಕಿ ರೋಗ. ತೋಟ ಸೊರಗಿದ ಮನೆಯವರು ಹಳೇ ಜೀಪನ್ನೇ ಇನ್ನಷ್ಟು ವರ್ಷ ಓಡಿಸಬೇಕು. ಮೂಲ ಎಂಜಿನ್ ಸವೆದು ಹೋದಾಗ, ಬಿಡಿಭಾಗ ಸಿಗದಾದಾಗ ಬೇರೆ ಗಾಡಿಯ ಎಂಜಿನ್ ತಂದು ಕೂರಿಸುತ್ತಾರೆ. ನಮ್ಮ ಕಡೆ ಎಂಜಿನ್ ಬದಲಾವಣೆ ಎಂಬುದು ಹೆಚ್ಚಾಗಿ ರ‍್ಯಾಲಿ ಹುಡುಗರ ಹುಚ್ಚಿನಿಂದಲ್ಲ, ಹೀಗೆ ಬಂದದ್ದು. ರ‍್ಯಾಲಿ ಹುಡುಗರೂ ಇದ್ದಾರೆ ಬಿಡಿ, ಅವರ ಗಾಡಿಗಳೂ ಕುದಿಯುತ್ತವೆ.

ಈಗ ವಿಷಯಕ್ಕೆ ಬರೋಣ. ಡೀಸೆಲ್ ಸುಟ್ಟಾಗ ಹುಟ್ಟುವ ಶಕ್ತಿಯಲ್ಲಿ ಕೆಲಸಕ್ಕೆ ಸಿಗುವುದು ಅಂದಾಜು ಮೂರರಲ್ಲಿ ಒಂದು ಪಾಲು. ಇನ್ನೊಂದು ಪಾಲು ಬಿಸಿ ಹೊಗೆಯಾಗಿ ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ. ಉಳಿದ ಪಾಲಿನ ಹೆಚ್ಚಿನ ಭಾಗವನ್ನು ಎಂಜಿನ್ ಒಳಗೆ ಸುತ್ತುವ ನೀರು ಹೊತ್ತು ತಂದು ರೇಡಿಯೇಟರ್‌ನಲ್ಲಿ ಗಾಳಿಗೆ ಬಿಡಬೇಕು. ತೋಟದ ಡೀಸೆಲ್ ಪಂಪ್‌ಸೆಟ್ಟಿಗೆ ಈ ಕಷ್ಟ ಇಲ್ಲ. ಹಳ್ಳದ ನೀರು ಒಂದು ಕಡೆ ಒಳಗೆ ಹೋಗಿ ಇನ್ನೊಂದು ಕಡೆ ಬಿಸಿಯಾಗಿ ಹೊರಗೆ ಬಂದರೆ ಮುಗಿಯಿತು. ಗಾಡಿ ಹಳ್ಳವನ್ನು ಹೊತ್ತುಕೊಂಡು ತಿರುಗುವುದಿಲ್ಲ. ಅದೇ ಹತ್ತು ಲೀಟರ್ ಆಸುಪಾಸಿನ ನೀರನ್ನು ಮತ್ತೆ ಮತ್ತೆ ತಣಿಸಿ ಕೊಡಬೇಕು.

ಹಳೆಯ ಡೀಸೆಲ್ ಜೀಪಿನ ಎಂಜಿನ್ನಿನ ಶಕ್ತಿ 60 ಎಚ್‌ಪಿ ಆಸುಪಾಸು. ಆ ಜೀಪಿನ ರೇಡಿಯೇಟರ್, ಫ್ಯಾನ್, ಗ್ರಿಲ್ ಎಲ್ಲ ಆ ಲೆಕ್ಕಕ್ಕೆ ಮಾಡಿದ್ದು. ಅಲ್ಲಿಗೆ ಸ್ಕಾರ್ಪಿಯೋದ 2.2 ಲೀಟರಿನ, 120 ಎಚ್‌ಪಿಯ ಎಂಹಾಕ್ ಎಂಜಿನ್ ತಂದು ಕೂರಿಸಿದರೆ, ಪೂರ್ತಿ ಶಕ್ತಿ ಕೇಳಿದಾಗ ನೀರಿಗೆ ಬೀಳುವ ಬಿಸಿಯೂ ಅಂದಾಜು ಎರಡು ಪಟ್ಟು. ರೇಡಿಯೇಟರ್ ಮಾತ್ರ ಹಳೆಯದೇ. ನೂರು ಜನರ ಊಟಕ್ಕೆ ಇಟ್ಟ ಒಲೆಯಲ್ಲಿ ಇನ್ನೂರು ಜನರಿಗೆ ಬೇಯಿಸಲು ಹೊರಟಂತೆ. ಸಪಾಟು ರಸ್ತೆಯಲ್ಲಿ ಇದು ಗೊತ್ತಾಗುವುದಿಲ್ಲ, ಯಾಕೆಂದರೆ ಅಲ್ಲಿ ಪೂರ್ತಿ ಶಕ್ತಿ ಯಾರೂ ಕೇಳುವುದಿಲ್ಲ. ಶೃಂಗೇರಿಯಿಂದ ಕಿಗ್ಗದ ಕಡೆಗೋ ಕೆರೆಕಟ್ಟೆಯ ಕಡೆಗೋ ಹಿಂದೆ ಎಂಟು ಜನರನ್ನು ಕೂರಿಸಿಕೊಂಡು ಹತ್ತುವಾಗ ಗೊತ್ತಾಗುತ್ತದೆ.

ಇನ್ನೊಂದು ತೊಂದರೆ ಜಾಗದ್ದು. ಬೇರೆ ಗಾಡಿಯ ಎಂಜಿನ್ ಕೂರಿಸಿದಾಗ ಅದರ ಫ್ಯಾನ್ ಹಳೇ ರೇಡಿಯೇಟರ್‌ನ ನಡುಭಾಗಕ್ಕೆ ಸರಿಯಾಗಿ ಬರುವುದು ಅಪರೂಪ. ಒಂದೋ ಕೆಳಗೆ, ಇಲ್ಲವೇ ಪಕ್ಕಕ್ಕೆ. ಕೆಲವು ಗಾಡಿಗಳಲ್ಲಿ ಬೆಲ್ಟ್ ಫ್ಯಾನ್ ಕೂರಿಸಲು ನಾಲ್ಕು ಬೆರಳು ಜಾಗವೂ ಉಳಿದಿರುವುದಿಲ್ಲ. ಅಂಥ ಕಡೆ ಎಲೆಕ್ಟ್ರಿಕ್ ಫ್ಯಾನ್ ಬಿಟ್ಟರೆ ಬೇರೆ ದಾರಿ ಇಲ್ಲ. ಕಾರುಗಳಿಗೆ ಎಲೆಕ್ಟ್ರಿಕ್ ಫ್ಯಾನ್ ಬಂದದ್ದೂ ಹೀಗೇ. 1983ರಲ್ಲಿ ಬಂದ ಮಾರುತಿ 800ರಲ್ಲಿ ಎಂಜಿನ್ ಅಡ್ಡಕ್ಕೆ ಕೂತಿತ್ತು, ಬೆಲ್ಟಿನ ಫ್ಯಾನ್ ರೇಡಿಯೇಟರ್ ಕಡೆ ಮುಖ ಮಾಡಲು ಸಾಧ್ಯವೇ ಇರಲಿಲ್ಲ. ನಲವತ್ತು ವರ್ಷದಿಂದ ಆ ಫ್ಯಾನ್ ಈ ದೇಶದ ಬಿಸಿಲು, ಮಳೆ, ಧೂಳಿನಲ್ಲಿ ತಿರುಗುತ್ತಿದೆ. ಹಾಗಾಗಿ ಎಲೆಕ್ಟ್ರಿಕ್ ಫ್ಯಾನ್ ನಂಬಲು ಆಗದ ವಸ್ತು ಎಂಬ ವಾದವನ್ನು ನಾನು ಒಪ್ಪುವುದಿಲ್ಲ.

ಆದರೆ ಆ ವಾದ ಮಾಡುವ ಹಳೇ ಮೆಕ್ಯಾನಿಕ್‌ಗಳ ಮಾತಿನಲ್ಲಿ ತೂಕ ಇದೆ, ಅದನ್ನು ಕೇಳಿಸಿಕೊಳ್ಳಬೇಕು. ಬೆಲ್ಟ್ ಫ್ಯಾನ್‌ಗೆ ಫ್ಯೂಸ್ ಇಲ್ಲ, ವೈರ್ ಇಲ್ಲ, ಮೋಟರ್ ಇಲ್ಲ. ಬೆಲ್ಟ್ ಹರಿಯುವ ತನಕ ತಿರುಗುತ್ತದೆ, ಹರಿದರೂ ಕಣ್ಣಿಗೆ ಕಾಣುತ್ತದೆ. ಒಂದನೇ ಗೇರಿನಲ್ಲಿ ಎಂಜಿನ್ ಜೋರಾಗಿ ತಿರುಗುತ್ತಾ ಏರು ಹತ್ತುವಾಗ ಬೆಲ್ಟ್ ಫ್ಯಾನೂ ಜೋರಾಗಿಯೇ ತಿರುಗುತ್ತದೆ. ಮೂಲ ಎಂಜಿನ್, ಮೂಲ ರೇಡಿಯೇಟರ್ ಇರುವ ಜೀಪಿಗೆ ಸುಮ್ಮನೆ ಎಲೆಕ್ಟ್ರಿಕ್ ಫ್ಯಾನ್ ಹಾಕಿಸಬೇಡಿ. ಕಂಪನಿ ಎಂಜಿನಿಯರ್‌ಗಳು ಲೆಕ್ಕ ಹಾಕಿ ಕೊಟ್ಟಿದ್ದನ್ನು ಪಕ್ಕದ ಮನೆಯವರ ಜೀಪು ನೋಡಿ ಕಿತ್ತು ಹಾಕುವುದು ಸರಿಯಲ್ಲ.

ಬೆಲ್ಟ್ ಫ್ಯಾನ್ ಸೋಲುವ ಜಾಗಗಳು ಬೇರೆ. ಎಂಜಿನ್ ನಿಧಾನಕ್ಕೆ ತಿರುಗಿದರೆ ಫ್ಯಾನೂ ನಿಧಾನ, ಎಷ್ಟೇ ಬಿಸಿ ಇರಲಿ. ನವರಾತ್ರಿ ಹೊತ್ತಿಗೆ ಶೃಂಗೇರಿ ಪೇಟೆಯಲ್ಲಿ ಗಾಡಿಗಳು ಇಂಚಿಂಚು ಸರಿಯುವಾಗ, ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಎಲ್ಲೋ ಒಂದು ಗಾಡಿ ಸಿಕ್ಕಿಕೊಂಡು ಸಾಲು ನಿಂತಾಗ ಇದು ಗೊತ್ತಾಗುತ್ತದೆ. ಏರು ಹತ್ತಿ ಬಂದು ಎಂಜಿನ್ ಆಫ್ ಮಾಡಿದ ಕ್ಷಣದಲ್ಲಿ ಬೆಲ್ಟ್ ಫ್ಯಾನ್ ನಿಂತೇ ಹೋಗುತ್ತದೆ, ಒಳಗಿನ ಬಿಸಿ ಮಾತ್ರ ಇನ್ನೂ ಏರುತ್ತಿರುತ್ತದೆ. ಇನ್ನು ಜುಲೈ ತಿಂಗಳ ಬೆಳಗ್ಗೆ, ಮಂಜು ಸುರಿಯುವಾಗ, ತಣ್ಣಗಿನ ಎಂಜಿನ್ನಿಗೂ ಅದು ಗಾಳಿ ಹಾಕುತ್ತಲೇ ಇರುತ್ತದೆ. ಬಿಸಿ ಏರದ ಡೀಸೆಲ್ ಎಂಜಿನ್ ಎಣ್ಣೆಯೂ ಹೆಚ್ಚು ಕುಡಿಯುತ್ತದೆ, ಸವೆತವೂ ಹೆಚ್ಚು. ಎಲೆಕ್ಟ್ರಿಕ್ ಫ್ಯಾನ್ ಬೇಕಾದಾಗ ಪೂರ್ತಿ ವೇಗದಲ್ಲಿ ತಿರುಗುತ್ತದೆ, ಬೇಡವಾದಾಗ ಸುಮ್ಮನಿರುತ್ತದೆ. ಗಂಟೆಗೆ 50–60 ಕಿಲೋಮೀಟರ್ ವೇಗ ದಾಟಿದ ಮೇಲೆ ಮುಂದಿನಿಂದ ನುಗ್ಗುವ ಗಾಳಿಯೇ ಸಾಕು, ಫ್ಯಾನ್ ಬೇಕಾಗುವುದು ತೀರಾ ಕಡಿಮೆ. ನಮ್ಮಲ್ಲಿ ಆ ವೇಗ ಸಿಗುವ ರಸ್ತೆ ಎಷ್ಟಿದೆ ಎಂಬುದು ಬೇರೆ ಮಾತು.

ಮಳೆಗಾಲಕ್ಕೆ ಇನ್ನೊಂದು ಅನುಕೂಲ ಇದೆ. ಸೇತುವೆ ಇಲ್ಲದ ಹಳ್ಳ ದಾಟುವಾಗ ನೀರು ಫ್ಯಾನಿನ ಮಟ್ಟಕ್ಕೆ ಬಂದರೆ ತಿರುಗುವ ಬೆಲ್ಟ್ ಫ್ಯಾನ್ ಆ ನೀರನ್ನೆಲ್ಲ ಎಂಜಿನ್ ಮೇಲೆ ಎರಚುತ್ತದೆ. ಅದಕ್ಕಿಂತ ಕೆಟ್ಟದೆಂದರೆ ಎಲೆಗಳು ನೀರಿನ ಹೊಡೆತಕ್ಕೆ ಮುಂದಕ್ಕೆ ಬಾಗಿ ರೇಡಿಯೇಟರ್‌ಗೇ ಕಚ್ಚಬಹುದು. ಹಳಬರು ಹಳ್ಳದ ದಂಡೆಯಲ್ಲಿ ಬೆಲ್ಟ್ ಕಳಚಿ ದಾಟಿಸುತ್ತಿದ್ದದ್ದು ಇದಕ್ಕೇ. ಎಲೆಕ್ಟ್ರಿಕ್ ಫ್ಯಾನ್ ಆದರೆ ಸ್ವಿಚ್ ಆಫ್ ಮಾಡಿ ದಾಟಿ, ಆಚೆ ದಡದಲ್ಲಿ ಮತ್ತೆ ಆನ್ ಮಾಡಬಹುದು. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ನೆರೆಯಲ್ಲಿ ಬದುಕುವವರಿಗೆ ಇದು ಸಣ್ಣ ಅನುಕೂಲವಲ್ಲ.

ಇಷ್ಟೆಲ್ಲ ಗುಣ ಇರುವ ಫ್ಯಾನ್ ಹಾಕಿಸಿದ ಮೇಲೂ ಗಾಡಿಗಳು ಯಾಕೆ ಕುದಿಯುತ್ತಿವೆ? ಮೊದಲ ಕಾರಣ ಅಳತೆ. ಗುಜರಿಯಲ್ಲಿ ಸುಲಭಕ್ಕೆ ಸಿಗುವುದು ಸಣ್ಣ ಕಾರಿನ ಫ್ಯಾನ್. 12 ಇಂಚಿನದ್ದಾದರೇನು, 16 ಇಂಚಿನದ್ದಾದರೇನು, ನಾಲ್ಕೇ ಇಂಚು ವ್ಯತ್ಯಾಸ ಎನಿಸುತ್ತದೆ. ಲೆಕ್ಕ ಹಾಕಿ ನೋಡಿ: 12 ಇಂಚಿನ ವೃತ್ತದ ವಿಸ್ತೀರ್ಣ 113 ಚದರ ಇಂಚು, 16 ಇಂಚಿನದು 201. ಹತ್ತಿರ ಹತ್ತಿರ ಎರಡು ಪಟ್ಟು. 800 ಸಿಸಿ ಕಾರಿಗೆ ಮಾಡಿದ ಫ್ಯಾನ್ 2500 ಸಿಸಿ ಡೀಸೆಲ್ ಎಂಜಿನ್ನನ್ನು, ಅದೂ ಲೋಡ್ ಹೊತ್ತ ಜೀಪನ್ನು ತಣಿಸಲಿ ಎಂದು ಬಯಸುವುದು ಕರುವನ್ನು ಉಳುಮೆಗೆ ಕಟ್ಟಿದಂತೆ.

ಎರಡನೆಯದು ಕವರ್. ಕಾರಿನಲ್ಲಿ ಫ್ಯಾನಿನ ಸುತ್ತ ರೇಡಿಯೇಟರ್ ಪೂರ್ತಿ ಮುಚ್ಚುವಂಥ ಪ್ಲಾಸ್ಟಿಕ್ ಚೌಕಟ್ಟು ಇರುತ್ತದೆ, ಶ್ರೌಡ್ ಎನ್ನುತ್ತಾರೆ. ಅದಿದ್ದರೆ ಫ್ಯಾನ್ ಎಳೆಯುವ ಗಾಳಿ ರೇಡಿಯೇಟರ್‌ನ ಮೂಲೆ ಮೂಲೆಯಿಂದಲೂ ಹಾದು ಬರಲೇಬೇಕು. ನಮ್ಮವರು ಫ್ಯಾನ್ ಮಾತ್ರ ತಂದು, ಕವರ್ ಬಿಟ್ಟು, ನಾಲ್ಕು ಕಬ್ಬಿಣದ ಪಟ್ಟಿಯಲ್ಲಿ ಬಿಗಿದು ಬಿಡುತ್ತಾರೆ. ಆಗ ಫ್ಯಾನ್ ತನ್ನ ಎದುರಿನ ವೃತ್ತದ ಮೂಲಕ ಒಂದಿಷ್ಟು ಗಾಳಿ ಎಳೆದು, ಉಳಿದದ್ದನ್ನು ಅಂಚಿನ ಸಂದಿಯಿಂದ ಎಂಜಿನ್ ಕಡೆಯ ಬಿಸಿ ಗಾಳಿಯನ್ನೇ ಎಳೆದುಕೊಂಡು ತಿರುಗುತ್ತದೆ. ಶಬ್ದ ಜೋರು, ಕೆಲಸ ಕಡಿಮೆ. ತಗಡಿನಲ್ಲಾದರೂ ಸರಿ, ಒಂದು ಕವರ್ ಮಾಡಿಸಿ. ನಮ್ಮೂರುಗಳಲ್ಲಿ ಹಂಡೆ, ಡ್ರಮ್ಮು, ದೋಣಿ ಮಾಡುವ ತಗಡಿನ ಕೆಲಸದವರು ಇನ್ನೂ ಇದ್ದಾರೆ, ಇದು ಅವರಿಗೆ ಅರ್ಧ ದಿನದ ಕೆಲಸ.

ಮೂರನೆಯದು ಕೇಳಿದರೆ ನಗು ಬರುತ್ತದೆ, ಆದರೆ ಆಗುತ್ತಿರುತ್ತದೆ. ಫ್ಯಾನಿನ ಎರಡು ವೈರ್ ಅದಲು ಬದಲಾದರೆ ಅದು ಉಲ್ಟಾ ತಿರುಗುತ್ತದೆ. ಹಿಂದಿನಿಂದ ಎಳೆಯಬೇಕಾದ ಫ್ಯಾನ್ ಮುಂದಕ್ಕೆ ತಳ್ಳಲು ಶುರು ಮಾಡುತ್ತದೆ. ಗಾಡಿ ಓಡುವಾಗ ಮುಂದಿನಿಂದ ಬರುವ ಗಾಳಿಗೂ ಫ್ಯಾನಿನ ಗಾಳಿಗೂ ಜಗಳ. ಪರೀಕ್ಷೆ ಸುಲಭ. ಗಾಡಿ ನಿಂತಿರುವಾಗ ಫ್ಯಾನ್ ಆನ್ ಮಾಡಿ ಗ್ರಿಲ್‌ನ ಎದುರಿಗೆ ಒಂದು ಹಾಳೆ ನ್ಯೂಸ್ ಪೇಪರ್ ಹಿಡಿಯಿರಿ. ಅದು ಗ್ರಿಲ್‌ಗೆ ಅಂಟಿಕೊಂಡು ನಿಂತರೆ ಸರಿ. ಹಾರಿ ಬಿದ್ದರೆ ವೈರ್ ಬದಲಿಸಿ. ಅಂಟಿಯೂ ಅಂಟದಂತೆ ಒಲೆದಾಡಿದರೆ ಫ್ಯಾನ್ ಸಣ್ಣದು ಅಥವಾ ಕವರ್ ಇಲ್ಲ ಎಂದರ್ಥ.

ನನ್ನ ದೊಡ್ಡ ತಕರಾರು ಇರುವುದು ಡ್ಯಾಶ್‌ಬೋರ್ಡಿನ ಆ ಸ್ವಿಚ್ಚಿನ ಮೇಲೆ. ಫ್ಯಾನ್ ಆನ್ ಮಾಡುವ ಕೆಲಸವನ್ನು ಡ್ರೈವರ್ ನೆನಪಿಗೆ ಬಿಡಬಾರದು. ರಾತ್ರಿ, ಮಳೆ, ಜಾರುವ ರಸ್ತೆ, ಹಿಂದೆ ನೋವಿನಲ್ಲಿ ನರಳುವ ಮನುಷ್ಯ. ಆ ಹೊತ್ತಿನಲ್ಲಿ ಡ್ರೈವರ್ ಟೆಂಪರೇಚರ್ ಮುಳ್ಳು ನೋಡುತ್ತಾನೆಯೇ? ಎಷ್ಟೋ ಜೀಪಿನಲ್ಲಿ ಆ ಮೀಟರೇ ಸತ್ತಿರುತ್ತದೆ. ಫ್ಯಾನ್ ಆನ್ ಆಫ್ ಮಾಡಬೇಕಾದ್ದು ನೀರಿನ ಬಿಸಿ. ಅದಕ್ಕೆ ಥರ್ಮೋ ಸ್ವಿಚ್ ಎಂಬ ಸಣ್ಣ ವಸ್ತು ಇದೆ, ಎಂಜಿನ್‌ನಿಂದ ಬಿಸಿ ನೀರು ಹೊರಗೆ ಬರುವ ಜಾಗದಲ್ಲಿ ಅಥವಾ ರೇಡಿಯೇಟರ್‌ನ ಟ್ಯಾಂಕಿಗೆ ಕೂರಿಸುತ್ತಾರೆ. ಥರ್ಮೋಸ್ಟಾಟ್ ವಾಲ್ವ್ ಸಾಮಾನ್ಯವಾಗಿ ತೆರೆಯುವುದು 82 ಡಿಗ್ರಿ ಸುಮಾರಿಗೆ. ಫ್ಯಾನ್ 92ರ ಸುಮಾರಿಗೆ ಶುರುವಾಗಿ 87ರ ಸುಮಾರಿಗೆ ನಿಲ್ಲುವಂಥ ಸ್ವಿಚ್ ಆದರೆ ಎರಡಕ್ಕೂ ಹೊಂದುತ್ತದೆ. ಸ್ವಿಚ್ಚಿನ ಡಿಗ್ರಿ ವಾಲ್ವ್‌ಗಿಂತ ಕಡಿಮೆ ಇದ್ದರೆ ಫ್ಯಾನ್ ನಿಲ್ಲುವುದೇ ಇಲ್ಲ, ಬ್ಯಾಟರಿ ಖಾಲಿ. ಹಳ್ಳ ದಾಟಲು ಬೇಕಾದ ಆಫ್ ಸ್ವಿಚ್ ಬೇರೆಯಾಗಿ ಇರಲಿ, ಅದು ಆಫ್ ಇದ್ದಾಗ ಕೆಂಪು ದೀಪ ಉರಿಯುವಂತೆ ಇರಲಿ. ಮರೆತು ಹೋದರೆ ದೀಪ ನೆನಪಿಸಬೇಕು.

ಥರ್ಮೋ ಸ್ವಿಚ್ಚೂ ಸುಳ್ಳು ಹೇಳುವ ಒಂದು ಸಂದರ್ಭ ಇದೆ. ಪೈಪ್ ಸೋರಿ ನೀರು ಕೆಳಗಿಳಿದರೆ ಸ್ವಿಚ್ಚಿನ ತುದಿ ನೀರಿನಲ್ಲಿ ಮುಳುಗಿರುವುದಿಲ್ಲ. ಎಂಜಿನ್ ಕಾಯುತ್ತಲೇ ಇರುತ್ತದೆ, ಸ್ವಿಚ್ಚಿಗೆ ಗೊತ್ತಾಗುವುದಿಲ್ಲ, ಫ್ಯಾನ್ ಸುಮ್ಮನಿರುತ್ತದೆ. ಮೀಟರಿನ ಸೆನ್ಸರ್ ಕೂಡ ಅದೇ ಜಾಗದಲ್ಲಿದ್ದರೆ ಮುಳ್ಳೂ ಕೆಳಗೇ ಇರುತ್ತದೆ. ಆದ್ದರಿಂದ ಬೆಳಗ್ಗೆ ಗಾಡಿ ತಣ್ಣಗಿರುವಾಗ ನೀರು ನೋಡುವ ಹಳೇ ಅಭ್ಯಾಸ ಯಾವ ಫ್ಯಾನ್ ಹಾಕಿಸಿದರೂ ಬಿಡುವಂತಿಲ್ಲ.

ಇನ್ನು ಕರೆಂಟಿನ ಲೆಕ್ಕ. 200 ವ್ಯಾಟಿನ ಫ್ಯಾನ್ 12 ವೋಲ್ಟ್ ಬ್ಯಾಟರಿಯಿಂದ ಸುಮಾರು 17 ಆಂಪಿಯರ್ ಎಳೆಯುತ್ತದೆ. ಶುರುವಾಗುವ ಕ್ಷಣದಲ್ಲಿ ಅದರ ಎರಡು ಮೂರು ಪಟ್ಟು. ಇದನ್ನು ಹಾರ್ನಿನ ವೈರಿನಷ್ಟು ತೆಳು ವೈರಿನಲ್ಲಿ, ಡ್ಯಾಶ್‌ಬೋರ್ಡಿನ ಹತ್ತು ರೂಪಾಯಿ ಸ್ವಿಚ್ಚಿನ ಮೂಲಕ ಹಾಯಿಸಿದರೆ ಸ್ವಿಚ್ಚು ಕರಗುತ್ತದೆ, ವೈರಿನ ತೊಗಲು ಸುಡುತ್ತದೆ. ಹೀಗೆ ಬೆಂಕಿಯೇ ಹತ್ತಬಹುದು. ಸ್ವಿಚ್ಚು ರಿಲೇಗೆ ಅಪ್ಪಣೆ ಕೊಡಬೇಕು ಅಷ್ಟೇ, ಭಾರ ಹೊರುವುದು ರಿಲೇ. ರಿಲೇಯ ಕಾಲುಗಳ ಮೇಲೆ ನಂಬರ್ ಇರುತ್ತದೆ: 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ಬಂದ ದಪ್ಪ ವೈರ್, 87ರಿಂದ ಫ್ಯಾನಿಗೆ, 85 ಮತ್ತು 86 ಸ್ವಿಚ್ಚಿನ ಕಡೆಗೆ. ಫ್ಯೂಸನ್ನು ಬ್ಯಾಟರಿಯ ಪಕ್ಕದಲ್ಲೇ ಇಡಬೇಕು. ಈ ಕೆಲಸ ಗೊತ್ತಿರುವ ಆಟೋ ಎಲೆಕ್ಟ್ರಿಷಿಯನ್‌ಗಳು ಮೂರೂ ಪೇಟೆಯಲ್ಲಿ ಸಿಗುತ್ತಾರೆ. ನಾವು ಅವರ ಹತ್ತಿರ ಹೋಗುವುದು ಗಾಡಿ ನಿಂತ ಮೇಲೆ.

ಇದೇ ಲೆಕ್ಕವನ್ನು ಮುಂದುವರಿಸಿ. ರಾತ್ರಿ ಮಳೆಯಲ್ಲಿ ಎರಡು ಹೆಡ್‌ಲೈಟ್ ಸೇರಿ ಹತ್ತು ಆಂಪಿಯರ್ ಆಸುಪಾಸು, ವೈಪರ್ ಮೂರೋ ನಾಲ್ಕೋ, ಹಿಂದಿನ ದೀಪಗಳು, ಅದರ ಮೇಲೆ ಫ್ಯಾನಿನ 17. ಮೂವತ್ತು ದಾಟಿತು. ಡೈನಮೋ ಇರುವ ತೀರಾ ಹಳೇ ಜೀಪಿಗೆ ಇದನ್ನು ತಾಳುವ ಶಕ್ತಿ ಇಲ್ಲ, ಸಣ್ಣ ಆಲ್ಟರ್ನೇಟರ್ ಕೂಡ ನಿಧಾನಕ್ಕೆ ಹೋಗುವಾಗ ಸೋಲುತ್ತದೆ. ಕೊರತೆ ಬ್ಯಾಟರಿಯಿಂದ ಹೋಗುತ್ತದೆ. ಬೆಳಗ್ಗೆ ಗಾಡಿ ಸ್ಟಾರ್ಟ್ ಆಗದಿದ್ದಾಗ ಬ್ಯಾಟರಿ ಅಂಗಡಿಯವರನ್ನು ಬೈಯುತ್ತೇವೆ. ಎಂಜಿನ್ ಬದಲಿಸುವಾಗಲೇ ಆ ಎಂಜಿನ್ನಿನ ಆಲ್ಟರ್ನೇಟರನ್ನೂ ಉಳಿಸಿಕೊಳ್ಳಿ, ಬೇರೆ ಸಣ್ಣದು ಕೂರಿಸಲು ಒಪ್ಪಬೇಡಿ.

ಫ್ಯಾನಿಗೆ ದುಡ್ಡು ಹಾಕುವ ಮೊದಲು ನೋಡಬೇಕಾದ್ದೂ ಇದೆ. ಒಳಗೆ ತುಕ್ಕು ಕಟ್ಟಿದ, ಹೊರಗೆ ಹುಲ್ಲಿನ ಬೀಜ, ದರಗು, ಕೆಸರು ಮೆತ್ತಿದ ರೇಡಿಯೇಟರ್‌ಗೆ ಬಿರುಗಾಳಿ ಬಿಟ್ಟರೂ ಉಪಯೋಗ ಇಲ್ಲ. ಮೊದಲು ಬಿಚ್ಚಿಸಿ ತೊಳೆಸಿ, ಬೇಕಾದರೆ ರಾಡ್ ಹೊಡೆಸಿ. ಆಮೇಲೆ ಮುಚ್ಚಳ. ರೇಡಿಯೇಟರ್ ಮುಚ್ಚಳ ಎಂದರೆ ಪಾತ್ರೆ ಮುಚ್ಚುವ ತಟ್ಟೆಯಲ್ಲ, ಕುಕ್ಕರಿನ ವಿಸಿಲ್ ಇದ್ದಂತೆ. ನಮ್ಮ ಊರುಗಳು ಇರುವುದು ಸಮುದ್ರಮಟ್ಟದಿಂದ 700 ಮೀಟರ್ ಆಸುಪಾಸಿನಲ್ಲಿ, ಇಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿ ಸುಮಾರಿಗೇ ಕುದಿಯುತ್ತದೆ. ಒಳ್ಳೆಯ ಮುಚ್ಚಳ ಒತ್ತಡ ಹಿಡಿದಿಟ್ಟು ಆ ಮಟ್ಟವನ್ನು 115 ಡಿಗ್ರಿಗೂ ಮೇಲಕ್ಕೆ ಒಯ್ಯುತ್ತದೆ. ರಬ್ಬರ್ ಸತ್ತ ಮುಚ್ಚಳ ಬದಲಿಸಿದ್ದೇ ಗಾಡಿ ಕುದಿಯುವುದು ನಿಂತದ್ದುಂಟು. ಹಳ್ಳದ ನೀರು ಬಿಟ್ಟು ಕೂಲೆಂಟ್ ಹಾಕಿ ಎನ್ನುವುದೂ ಇದಕ್ಕೇ. ಹಿಮಗಟ್ಟುವ ಭಯ ನಮಗಿಲ್ಲ, ಆದರೆ ತುಕ್ಕಿನ ಭಯ ಇದೆ. ಕೂಲೆಂಟ್ ತುಕ್ಕನ್ನೂ ತಡೆಯುತ್ತದೆ, ಕುದಿಯುವ ಮಟ್ಟವನ್ನೂ ಏರಿಸುತ್ತದೆ.

ಥರ್ಮೋಸ್ಟಾಟ್ ವಾಲ್ವನ್ನು ಕಿತ್ತು ಬಿಸಾಡುವ ಪದ್ಧತಿಯನ್ನು ದಯವಿಟ್ಟು ನಿಲ್ಲಿಸಿ. "ಅದು ಫಾರಿನ್ ಚಳಿಗೆ ಮಾಡಿದ್ದು, ನಮಗೆ ಬೇಡ" ಎನ್ನುತ್ತಾರೆ. ಎಷ್ಟೋ ಎಂಜಿನ್‌ಗಳಲ್ಲಿ ಆ ವಾಲ್ವ್ ತೆರೆದಾಗ ಇನ್ನೊಂದು ಅಡ್ಡದಾರಿಯನ್ನು ಮುಚ್ಚುತ್ತದೆ. ವಾಲ್ವೇ ಇಲ್ಲದಿದ್ದರೆ ಒಂದಷ್ಟು ಬಿಸಿ ನೀರು ರೇಡಿಯೇಟರ್‌ಗೆ ಹೋಗದೆ ಆ ಅಡ್ಡದಾರಿಯಿಂದ ಎಂಜಿನ್ನಿಗೇ ಮರಳುತ್ತದೆ. ಅಂದರೆ ಬೆಳಗ್ಗೆ ಬೇಗ ಬಿಸಿಯಾಗದ ಗಾಡಿ, ಮಧ್ಯಾಹ್ನ ಏರಿನಲ್ಲಿ ಬೇಗ ಕುದಿಯುವ ಗಾಡಿ. ವಾಲ್ವ್ ಕೆಟ್ಟಿದ್ದರೆ ಹೊಸದು ಹಾಕಿಸಿ.

ಗ್ರಿಲ್‌ನ ಮುಂದಿನ ಅಲಂಕಾರದ ಬಗ್ಗೆಯೂ ಒಂದು ಮಾತು. ಬಂಪರಿನ ಮೇಲೆ ನಾಲ್ಕು ದೊಡ್ಡ ಲೈಟು, ನಡುವೆ ವಿಂಚು, ಅದರ ಮೇಲೆ ಹೆಸರಿನ ಬೋರ್ಡು, ಎರಡು ಗಾಳಿ ಹಾರ್ನು. ಗಾಳಿ ಒಳಗೆ ಹೋಗಬೇಕಾದ ಬಾಗಿಲಿಗೇ ಕಟ್ಟೆ ಕಟ್ಟಿ, ಒಳಗೆ ಫ್ಯಾನ್ ಸಾಲದು ಎಂದು ಕೊರಗುವುದು. ಆಯುಧ ಪೂಜೆಯ ದಿನ ಕಟ್ಟಿದ ಬಾಳೆಕಂದು, ಹೂವಿನ ಹಾರಗಳನ್ನು ಒಣಗುವ ತನಕ ಗ್ರಿಲ್ ಮೇಲೆ ಇಟ್ಟುಕೊಂಡೇ ಓಡಾಡುವವರಿಗೂ ಇದು ಅನ್ವಯ. ಪೂಜೆ ಮುಗಿದ ಮೇಲೆ ತೆಗೆದರೆ ದೇವರು ಬೇಸರ ಮಾಡಿಕೊಳ್ಳುವುದಿಲ್ಲ.

ಕಾನೂನಿನ ಮಾತು ಬಿಟ್ಟರೆ ಈ ಬರಹ ಅರ್ಧವಾಗುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿ ಬರೆದ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಗಟ್ಟಿಯಾಗಿ ಹೇಳಿತು. ಫ್ಯಾನ್ ಆರ್‌ಸಿಯಲ್ಲಿ ಬರೆಯುವ ವಿವರವಲ್ಲ. ಎಂಜಿನ್ ನಂಬರ್, ಇಂಧನ, ಸಿಸಿ ಬರೆಯುವ ವಿವರಗಳು. ಎಂಜಿನ್ ಬದಲಿಸುವ ಮೊದಲು ಆರ್‌ಟಿಓದಲ್ಲಿ ಕೇಳಿ, ಅನುಮತಿ ಪಡೆದು, ಆರ್‌ಸಿಯಲ್ಲಿ ಬರೆಸಿಕೊಳ್ಳಬೇಕು. ಹಾಗೆ ಮಾಡದ ಗಾಡಿ ಅಪಘಾತಕ್ಕೆ ಸಿಕ್ಕಿದರೆ ಇನ್ಶೂರೆನ್ಸ್ ಕಂಪನಿ ಮೊದಲು ನೋಡುವುದು ಇದನ್ನೇ. ಹಿಂದೆ ಕೂತವರು ಸಂಬಂಧಿಕರೇ ಇರಬಹುದು, ಪರಿಹಾರದ ಮಾತು ಬಂದಾಗ ಸಂಬಂಧ ಏನಾಗುತ್ತದೆ ಎಂದು ನಾವು ನೋಡಿದ್ದೇವೆ.

ಗ್ಯಾರೇಜಿನ ಹುಡುಗರಿಗೆ ಹೇಳಬೇಕಾದ್ದು ಹೆಚ್ಚೇನಿಲ್ಲ, ಅವರಲ್ಲಿ ಹಲವರಿಗೆ ಇದೆಲ್ಲ ಗೊತ್ತು. ಕವರ್, ರಿಲೇ, ಥರ್ಮೋ ಸ್ವಿಚ್ ಸೇರಿಸಿ ಒಂದು ರೇಟ್ ಹೇಳಿದರೆ ಮಾಲೀಕರು ಪಕ್ಕದ ಗ್ಯಾರೇಜಿಗೆ ಹೋಗುತ್ತಾರೆ, ಅದಕ್ಕೇ ಅವರು ಬರೇ ಫ್ಯಾನ್ ಕಟ್ಟಿ ಕಳಿಸುತ್ತಾರೆ. ಅದನ್ನು ತಪ್ಪು ಎನ್ನುವುದು ನನಗೆ ಕಷ್ಟ. ಆದರೂ ಒಂದು ಕೇಳಿಕೆ: ರಿಲೇ ಇಲ್ಲದೆ ಫ್ಯಾನ್ ಕಟ್ಟಲು ಒಪ್ಪಬೇಡಿ. ಆ ಒಂದು ವಿಷಯದಲ್ಲಿ ಮೂರು ಪೇಟೆಯ ಗ್ಯಾರೇಜಿನವರೂ ಒಂದೇ ಮಾತಿಗೆ ನಿಂತರೆ ಮಾಲೀಕರಿಗೆ ಹೋಗಲು ಬೇರೆ ಗ್ಯಾರೇಜ್ ಇರುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಗಾಡಿ ಕುದಿಯುವ ದಿನ ಬರಬಹುದು. ಆಗ ಬದಿಗೆ ನಿಲ್ಲಿಸಿ, ಹಬೆ ಬರುತ್ತಿದ್ದರೆ ಎಂಜಿನ್ ಆಫ್ ಮಾಡಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಕನಿಷ್ಠ ಅರ್ಧ ಗಂಟೆ ಮುಚ್ಚಳ ಮುಟ್ಟಬೇಡಿ, ಬಟ್ಟೆ ಸುತ್ತಿ ತಿರುಗಿಸುವ ಸಾಹಸವೂ ಬೇಡ. ಒಳಗಿನ ನೀರು ನೂರು ಡಿಗ್ರಿಗಿಂತ ಹೆಚ್ಚು ಬಿಸಿ ಇರುತ್ತದೆ, ಮುಚ್ಚಳ ಸಡಿಲವಾದ ಕೂಡಲೇ ಮುಖಕ್ಕೆ ಹಾರುತ್ತದೆ. ಕಾದ ಎಂಜಿನ್ನಿಗೆ ಹಳ್ಳದ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು. ಬಾನೆಟ್ ಎತ್ತಿದಾಗ ಫ್ಯಾನ್ ನಿಂತಿದ್ದರೂ ಕೈ ಹಾಕಬೇಡಿ. ನೇರ ಬ್ಯಾಟರಿಗೆ ಕೊಟ್ಟ ಥರ್ಮೋ ಸ್ವಿಚ್ ಎಂಜಿನ್ ಆಫ್ ಇದ್ದರೂ ಅದನ್ನು ತಿರುಗಿಸುತ್ತದೆ, ಹೇಳದೆ ಕೇಳದೆ. ಮಕ್ಕಳನ್ನು ಗಾಡಿಯಿಂದ ದೂರ ನಿಲ್ಲಿಸಿ ಕಾಯಿರಿ.